ಬೆಲ್ಲ-ನೀರು ಕೊಡದ ಮನೆ

ಸೀಬ್

ಒಮಾನ್ ದೇಶದ ನೆಲದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಸೀಬ್ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿಯ ಎದುರು ನಿಂತು ಬೆಲ್ಲ ತಿಂದದ್ದು.

ತಪ್ಪು ನನ್ನ ಅಕ್ಕನ ಮಗಳು ಶಶಿಕಲಾಳದ್ದು. ಮಸ್ಕತ್ತಿಗೆ ಬನ್ನಿ ಚಿಕ್ಕಮ್ಮ ಎಂದು ಆರು ವರ್ಷಗಳಿಂದ ಕಾಗದ ಬರೆಯುತ್ತಿದ್ದಳು. ನಾನು ನಿವೃತ್ತಳಾಗಿ ಮನೆಯಲ್ಲಿ ಕೂತ ಮೇಲೆ ಹೇಳಲು ನೆಪಗಳೇ ಉಳಿಯಲಿಲ್ಲ. ಕುವೈತಿನ ಯುದ್ಧ ಮುಗಿದು ಒಂದು ವರ್ಷವಾಗಿತ್ತು. ಕೊಲ್ಲಿ ಎಂದರೆ ಬಾಂಬು ಬೀಳುವ ಜಾಗ ಎಂದೇ ನಂಬಿದ್ದ ನೆರೆಮನೆಯವರು ನನ್ನನ್ನು ಬೀಳ್ಕೊಡುವಾಗ ಕಣ್ಣೊರೆಸಿಕೊಂಡರು. ಬರುವಾಗ ಓಲೆಬೆಲ್ಲ ತನ್ನಿ ಎಂದು ಶಶಿಕಲಾ ಬರೆದಿದ್ದಳು. ಒಣ ಓಲೆಯಲ್ಲಿ ಬಿಗಿದು ಕಟ್ಟಿದ ಆ ಕಪ್ಪು ಬೆಲ್ಲವನ್ನು ಸೀರೆಗಳ ನಡುವೆ ಅಡಗಿಸಿದಂತೆ ಇಟ್ಟದ್ದು ಮಾತ್ರ ನನ್ನದೇ ಬುದ್ಧಿ.

ಅಧಿಕಾರಿ ಎಳೆಯ ವಯಸ್ಸಿನವರು. ಒಂದು ಕಟ್ಟನ್ನು ಎತ್ತಿ ಮೂಸಿದರು, ಉಗುರಿನಿಂದ ಕೆರೆದರು, ಇನ್ನೊಬ್ಬರನ್ನು ಕರೆದರು. ನಾನು ‘ಸ್ವೀಟ್, ಸ್ವೀಟ್’ ಎಂದೆ. ಕಳ್ಳಸಾಗಣೆಯವರೂ ಹಾಗೆಯೇ ಹೇಳುತ್ತಾರೆಂದು ಕಾಣುತ್ತದೆ, ಅವರ ಮುಖ ಸಡಿಲವಾಗಲಿಲ್ಲ. ಮುಂಬಯಿಯಿಂದ ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂದಿದ್ದ ಉಳ್ಳಾಲದ ಬ್ಯಾರಿ ವ್ಯಾಪಾರಿಯೊಬ್ಬರು ಹಿಂದಿನ ಸಾಲಿನಿಂದ ಮುಂದೆ ಬಂದು, ಒಂದು ತುಂಡು ತಿಂದು ತೋರಿಸಿಬಿಡಿ ಟೀಚರ್, ಖಲಾಸ್, ಮತ್ತೆ ಅವರು ಎಂತ ಕೇಳುವುದಿಲ್ಲ ಎಂದರು. ತಿಂದೆ. ಅಧಿಕಾರಿ ನಾನು ಬೀಳುತ್ತೇನೋ ಎಂದು ಸ್ವಲ್ಪ ಹೊತ್ತು ಕಾದು, ತಾವೂ ಒಂದು ಚೂರು ಬಾಯಿಗೆ ಹಾಕಿಕೊಂಡರು. ಆಮೇಲೆ ಇನ್ನೊಂದು ಚೂರು. ಪೆಟ್ಟಿಗೆಯನ್ನು ತಾವೇ ಮುಚ್ಚಿ ಕೊಟ್ಟರು.

ಹೊರಗೆ ಬರುತ್ತ ನನಗೆ ನಗು ಬಂತು. ಒಂದು ಕಾಲದಲ್ಲಿ ಇದೇ ಬೆಲ್ಲದಿಂದ ನಾನು ಊರೂರಿನ ಮನೆಗಳನ್ನು ಪರೀಕ್ಷೆ ಮಾಡಿದವಳು. ಆ ಕಥೆ ಈ ಪ್ರವಾಸದಲ್ಲಿ ನನ್ನ ಬೆನ್ನು ಹತ್ತುತ್ತದೆ ಎಂದು ಆಗ ಗೊತ್ತಿರಲಿಲ್ಲ.

ವಾದಿ ಅದಾಯ್

ವಾದಿ ಎಂದರೆ ನೀರಿಲ್ಲದ ಹೊಳೆ. ಮಳೆ ಬಂದ ದಿನ ಮಾತ್ರ ಅದಕ್ಕೆ ತಾನು ಹೊಳೆಯೆಂಬುದು ನೆನಪಾಗುತ್ತದೆ. ಶಶಿಕಲಾ ಮತ್ತು ಅವಳ ಗಂಡ ದಿವಾಕರ ಇದ್ದದ್ದು ವಾದಿ ಅದಾಯ್‌ನ ಒಂದು ಫ್ಲಾಟಿನಲ್ಲಿ. ಕೆಳಗೆ ಸಾಲು ಗ್ಯಾರೇಜುಗಳು, ಹಿಂದೆ ಬೆಟ್ಟ. ಬೆಟ್ಟದಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ. ಗೋಡೆಯ ಬಿರುಕಿನಲ್ಲೂ ಗಿಡ ಹುಟ್ಟುವ ಊರಿನಿಂದ ಹೋದವಳಿಗೆ ಅದನ್ನು ನೋಡಿದರೆ ಬಟ್ಟೆಯಿಲ್ಲದವರನ್ನು ನೋಡಿದಂತಾಗಿ ಮೊದಲ ಎರಡು ದಿನ ಕಿಟಕಿಯ ಪರದೆ ಎಳೆದುಕೊಂಡೇ ಇದ್ದೆ.

ಅಲ್ಲಿ ಕಾರು ಕೊಳೆಯಾಗಿದ್ದರೆ ಪೊಲೀಸರು ದಂಡ ಹಾಕುತ್ತಾರೆ. ಊರಿನಲ್ಲಿ ತನ್ನ ಸೈಕಲ್ಲನ್ನು ಮಳೆಗಾಲದ ಪಾಲಿಗೆ ಬಿಟ್ಟಿದ್ದ ದಿವಾಕರ ಇಲ್ಲಿ ದಿನವೂ ಬೆಳಿಗ್ಗೆ ಕಾರು ಒರೆಸುತ್ತಿದ್ದ. ಅವರ ಏಳು ವರ್ಷದ ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು. ನಾನು ಮತ್ತೆ ಕನ್ನಡದಲ್ಲೇ ಕೇಳುತ್ತಿದ್ದೆ. ಇಬ್ಬರೂ ಹಟ ಬಿಡದೆ ಚೆನ್ನಾಗಿ ಹೊಂದಿಕೊಂಡೆವು.

ಮೊದಲ ಶುಕ್ರವಾರ, ರಜೆಯ ದಿನ, ಒಬ್ಬ ಗಂಡಸು ಬಾಗಿಲು ತಟ್ಟಿದ. ಕೆಳಗಿನ ಗ್ಯಾರೇಜಿನ ಫೋರ್‌ಮನ್ ಶೀನಣ್ಣ ಎಂದು ದಿವಾಕರ ಪರಿಚಯಿಸಿದ. ನಾನು ಬಂದ ಸುದ್ದಿ ಹೇಳಿದವನೂ ದಿವಾಕರನೇ ಅಂತೆ. ನಲವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು. ಕೈಯಲ್ಲಿ ಖರ್ಜೂರದ ಡಬ್ಬ. ಕುಳಿತುಕೊಳ್ಳಿ ಎಂದರೂ ಕುಳಿತುಕೊಳ್ಳಲಿಲ್ಲ.

“ಟೀಚರ್, ನಿಮಗೆ ನನ್ನ ಗುರ್ತ ಸಿಕ್ಕಲಿಕ್ಕಿಲ್ಲ. ನಾನು ರಾಜು. ಬಂದರಿನ ಗೋಡೌನಿನ ಜಗಲಿಯಲ್ಲಿ ಮಲಗುತ್ತಿದ್ದವ. ನೀವೇ ನನ್ನನ್ನು ಬಸ್ಸಿನಲ್ಲಿ ಕರಕೊಂಡು ಹೋಗಿ ಹಳ್ಳಿಯಲ್ಲಿ ಬಿಟ್ಟದ್ದು.”

ನನ್ನ ಕೆಲಸ ಏನಾಗಿತ್ತೆಂದು ಹೇಳದೆ ಇನ್ನು ಮುಂದೆ ಹೋಗುವಂತಿಲ್ಲ. ಮಂಗಳೂರಿನ ಒಂದು ಮಕ್ಕಳ ಆಶ್ರಮದಲ್ಲಿ ನಾನು ಟೀಚರಾಗಿದ್ದೆ. ಐವತ್ತರ ದಶಕದ ಕೊನೆಯಲ್ಲಿ ಬಂದರು, ರೈಲು ನಿಲ್ದಾಣ, ಮೀನು ಮಾರ್ಕೆಟ್ಟುಗಳಲ್ಲಿ ಸಿಕ್ಕ ಮಕ್ಕಳು ಆಶ್ರಮದಲ್ಲಿ ಹಿಡಿಸದಷ್ಟಾದರು. ನಮ್ಮ ಕಾರ್ಯದರ್ಶಿಗಳು ಓದಿಕೊಂಡವರು. ಹಿಂದೆ ಅಮೆರಿಕದಲ್ಲಿ ದೊಡ್ಡ ನಗರಗಳ ಬೀದಿಮಕ್ಕಳನ್ನು ರೈಲು ಹತ್ತಿಸಿ ಹಳ್ಳಿಗಾಡಿಗೆ ಕಳುಹಿಸುತ್ತಿದ್ದರಂತೆ. ಮಕ್ಕಳನ್ನು ನಿಲ್ದಾಣಗಳಲ್ಲಿ ಸಾಲಾಗಿ ನಿಲ್ಲಿಸಿದರೆ ರೈತರು ಬಂದು, ತೋಳು ಮುಟ್ಟಿ ನೋಡಿ, ಬೇಕಾದವರನ್ನು ಆರಿಸಿಕೊಂಡು ಹೋಗುತ್ತಿದ್ದರಂತೆ. ಅವರು ಇದನ್ನು ಸಭೆಯಲ್ಲಿ ಹೇಳಿದಾಗ ನಾವೆಲ್ಲ ಮೆಚ್ಚಿ ತಲೆದೂಗಿದೆವು. ತೋಳು ಮುಟ್ಟಿ ನೋಡುವ ಮಾತು ಬಂದಾಗಲೂ ತಲೆದೂಗಿದೆವು ಎಂಬುದು ಈಗ ನೆನಪಾಗುತ್ತದೆ. ನಮ್ಮ ರೈಲು ಆಗ ಕೇರಳದ ಕಡೆಗೆ ಮಾತ್ರ ಹೋಗುತ್ತಿದ್ದುದರಿಂದ ನಾವು ಬಸ್ಸು ಹಿಡಿದೆವು. ವಾರಕ್ಕೊಮ್ಮೆ ಒಂದೋ ಎರಡೋ ಮಕ್ಕಳನ್ನು ಕರೆದುಕೊಂಡು ನಾನು ಹಳ್ಳಿಗಳಿಗೆ ಹೋಗಿ, ಒಪ್ಪಿದ ಮನೆಗಳಲ್ಲಿ ಬಿಟ್ಟು ಬರುತ್ತಿದ್ದೆ.

ಒಪ್ಪಿದವರಲ್ಲಿ ಮಕ್ಕಳಿಲ್ಲದವರಿದ್ದರು, ಪುಣ್ಯ ಬೇಕಾದವರಿದ್ದರು, ದನ ಕಾಯಲು ಕೂಲಿಯಿಲ್ಲದ ಕೈ ಬೇಕಾದವರಿದ್ದರು. ಮೂವರೂ ಒಂದೇ ರೀತಿ ನಗುತ್ತಿದ್ದರು. ಯಾರು ಯಾವ ಬಗೆ ಎಂದು ತಿಳಿಯಲು ನಾನೊಂದು ಉಪಾಯ ಕಂಡುಕೊಂಡೆ. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಕೊಡಬೇಕು, ಆಮೇಲೆಯೇ ಬಂದ ಕಾರಣ ಕೇಳಬೇಕು. ನಾನು ಜಗಲಿಯಲ್ಲಿ ಕೂತು ಆ ಬೆಲ್ಲ ಯಾರಿಗೆ ಬರುತ್ತದೆ ಎಂದು ನೋಡುತ್ತಿದ್ದೆ. ಯಾವ ಜಾತಿಯೋ ಎಂದು ಲೆಕ್ಕ ಹಾಕದೆ ಮಗುವಿನ ಕೈಗೂ ಕೊಟ್ಟರೆ ಬಿಟ್ಟು ಬರುತ್ತಿದ್ದೆ. ನನಗೆ ಮಾತ್ರ ಕೊಟ್ಟರೆ ಏನೋ ಒಂದು ನೆಪ ಹೇಳಿ ಮಗುವನ್ನು ವಾಪಸು ಕರೆತರುತ್ತಿದ್ದೆ. ನನ್ನ ಈ ಜಾಣತನದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು.

ಒಂದೇ ಮನೆಯವರು ಇಬ್ಬರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಹಾಗಾಗಿ ಅಣ್ಣ ತಂಗಿಯರು ಬೇರೆಯಾಗುತ್ತಿದ್ದರು. ಒಬ್ಬರು ಎಲ್ಲಿದ್ದಾರೆಂದು ಇನ್ನೊಬ್ಬರಿಗೆ ಹೇಳಬಾರದು, ಹೇಳಿದರೆ ಓಡಿಹೋಗುತ್ತಾರೆ, ಎಲ್ಲೂ ಬೇರು ಬಿಡುವುದಿಲ್ಲ ಎಂಬುದು ಆಶ್ರಮದ ನಿಯಮ. ಮಗು ಅತ್ತರೆ, ಅಣ್ಣ ಮುಂದಿನ ಬಸ್ಸಿಗೆ ಬರುತ್ತಾನೆ, ತಂಗಿ ಮುಂದಿನ ಬಸ್ಸಿಗೆ ಬರುತ್ತಾಳೆ ಎಂದು ಹೇಳುತ್ತಿದ್ದೆವು. ಆ ಮಾತಿಗೆ ಮಕ್ಕಳು ಥಟ್ಟನೆ ಸುಮ್ಮನಾಗುತ್ತಿದ್ದರು.

ರಾಜುವನ್ನು ಬಿಟ್ಟದ್ದು ಪುತ್ತೂರಿನ ಕಡೆಯ ಒಂದು ಮನೆಯಲ್ಲಿ. ಅಲ್ಲಿನ ಅಜ್ಜಿ ಬೆಲ್ಲವನ್ನು ಮೊದಲು ಅವನ ಕೈಗೇ ಇಟ್ಟಿದ್ದರು. ತೀರಿಹೋದ ಯಜಮಾನರ ಹೆಸರನ್ನೇ ಅವನಿಗೆ ಕೊಟ್ಟರು, ಹಾಗೆ ಅವನು ಶೀನನಾದ. ನನಗೆ ಏನೂ ಕಡಿಮೆ ಮಾಡಲಿಲ್ಲ ಅವರು ಎಂದು ಅವನೇ ಹೇಳಿದ. ಆದರೆ ತಂಗಿ ಮುಂದಿನ ಬಸ್ಸಿಗೆ ಬರುತ್ತಾಳೆಂದು ನಂಬಿ, ಒಂಬತ್ತು ವರ್ಷದವ ದಿನಾ ಬಸ್ಸಿನ ಹೊತ್ತಿಗೆ ರಸ್ತೆಗೆ ಹೋಗಿ ನಿಲ್ಲುತ್ತಿದ್ದನಂತೆ. ಕೊನೆಗೆ ಕಂಡಕ್ಟರನೇ ಪಾಪ ಎಂದು ಬಸ್ಸು ತೊಳೆಯುವ ಕೆಲಸ ಕೊಟ್ಟನಂತೆ. ಅಲ್ಲಿಂದ ಮೆಕ್ಯಾನಿಕ್, ಅಲ್ಲಿಂದ ಮಸ್ಕತ್ತು. ಊರಿಗೆ ಹೋದಾಗಲೆಲ್ಲ ಆಶ್ರಮಕ್ಕೆ ಹೋಗಿ ಕೇಳಿದ್ದಾನೆ. ಹಳೆಯ ಕಾಗದಪತ್ರ ಗೆದ್ದಲು ತಿಂದಿದೆ ಎಂದರಂತೆ. ಎರಡು ತಿಂಗಳಲ್ಲಿ ಅವನು ಇಲ್ಲಿಯ ಕೆಲಸ ಬಿಟ್ಟು ಊರಿಗೆ ಹೋಗುವವನಿದ್ದ.

“ಗಿರಿಜಾ ಅಂತ ಟೀಚರ್. ಐದು ವರ್ಷ ಆಗ ಅವಳಿಗೆ. ಎಲ್ಲಿ ಬಿಟ್ಟದ್ದು ಅಂತ ಒಂದು ಹೇಳಿದ್ರೆ ಸಾಕು. ಬೇರೆ ಎಂತ ಬೇಡ ನನಗೆ.”

ನನಗೆ ನೆನಪಿಲ್ಲ ಎಂದೆ. ಎಷ್ಟೋ ಮಕ್ಕಳು, ಎಷ್ಟೋ ಊರು, ವಯಸ್ಸೂ ಆಯಿತಲ್ಲ ಎಂದೆ. ಅವನು ಪರವಾಗಿಲ್ಲ ಟೀಚರ್ ಎಂದು ಖರ್ಜೂರದ ಡಬ್ಬವನ್ನು ಮೇಜಿನ ಮೇಲಿಟ್ಟು ಹೋದ. ನಾನು ಹೇಳಿದ್ದು ಸುಳ್ಳು. ಆಶ್ರಮದಿಂದ ನಾನು ಹಳ್ಳಿಗೆ ಕರೆದೊಯ್ದ ಮಕ್ಕಳಲ್ಲಿ ಎಂದೂ ಮರೆಯದ ಮಗುವೆಂದರೆ ಅದೊಂದೇ.

ಮತ್ರಾ

ಮತ್ರಾ ಹಳೆಯ ಬಂದರು. ಅಲ್ಲಿಯ ಪೇಟೆಯಲ್ಲಿ ಕಾಣದ ವಸ್ತುವಿಲ್ಲ, ಹೊರಗೆ ಹೋಗುವ ದಾರಿಯೊಂದನ್ನು ಬಿಟ್ಟು. ಧೂಪದ ಹೊಗೆ, ಬೆಳ್ಳಿ, ಮೆಣಸು, ಚೀನಾದ ಚಪ್ಪಲಿ. ಶಶಿಕಲಾ ಒಂದು ಬಟ್ಟೆಯ ಬಣ್ಣ ನೋಡುತ್ತಿದ್ದಾಗ ನಾನು ಇನ್ನೊಂದು ಅಂಗಡಿಯ ದೀಪ ನೋಡಲು ನಾಲ್ಕು ಹೆಜ್ಜೆ ಇಟ್ಟೆ. ತಿರುಗಿ ನೋಡಿದರೆ ಶಶಿಕಲಾ ಇಲ್ಲ, ಆ ಅಂಗಡಿಯೂ ಇಲ್ಲ. ಒಂದೇ ರೀತಿಯ ಆರು ಗಲ್ಲಿಗಳು ಮಾತ್ರ ಇದ್ದವು.

ಅರವತ್ತು ವರ್ಷದ ಹೆಂಗಸು ಪೇಟೆಯ ನಡುವೆ ಕಳೆದುಹೋಗುವುದು ನಗುವ ವಿಷಯವೇ. ನನಗೂ ಮೊದಲ ಐದು ನಿಮಿಷ ನಗು ಬಂತು. ಆಮೇಲೆ ಒಂದೊಂದು ಗಲ್ಲಿಯೊಳಗೂ ಇಣುಕಿ ನೋಡತೊಡಗಿದೆ. ನಮ್ಮ ಸೆಂಟ್ರಲ್ ಮಾರ್ಕೆಟಿನಲ್ಲಾದರೆ ಯಾರನ್ನಾದರೂ ಹಿಡಿದು ತುಳುವಿನಲ್ಲಿ ಬೈಸಿಕೊಂಡಾದರೂ ದಾರಿ ಕೇಳಬಹುದು. ಇಲ್ಲಿ ನನಗೆ ಬರುತ್ತಿದ್ದುದು ಯಲ್ಲಾ, ಖಲಾಸ್ ಎರಡೇ ಶಬ್ದ, ಅಂದರೆ ನಡೆ ಮತ್ತು ಮುಗಿಯಿತು. ಎರಡೂ ಆ ಹೊತ್ತಿಗೆ ಪ್ರಯೋಜನಕ್ಕೆ ಬರುವಂಥವಲ್ಲ.

ಪುಣ್ಯಕ್ಕೆ ವಿಮಾನದ ಬ್ಯಾರಿ ಸಾಹೇಬರ ಅಂಗಡಿ ಅವುಗಳಲ್ಲೇ ಒಂದು ಗಲ್ಲಿಯಲ್ಲಿತ್ತು. ಅವರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ಚಾ ತರಿಸಿ, ದಿವಾಕರನ ಆಫೀಸಿಗೆ ಫೋನು ಮಾಡಿದರು. ಈಗ ಬರ್ತಾರೆ ಟೀಚರ್, ಹೆದರಬೇಡಿ, ಈಗ ಬರ್ತಾರೆ ಎಂದು ಹತ್ತು ನಿಮಿಷಕ್ಕೊಮ್ಮೆ ಹೇಳುತ್ತಿದ್ದರು. ಒಂದು ಗಂಟೆ ಕೂತೆ. ಗಲ್ಲಿಯ ತುದಿಯಲ್ಲಿ ಕಾಣುವ ಪ್ರತಿಯೊಂದು ಸೀರೆಯೂ ಶಶಿಕಲಾಳದ್ದೇ ಎಂದು ಏಳುವುದು, ಅಲ್ಲವೆಂದು ಕೂರುವುದು. ಅವಳು ಬಂದೇ ಬರುತ್ತಾಳೆಂದು ನನಗೆ ಖಂಡಿತವಾಗಿ ಗೊತ್ತಿತ್ತು. ಆದರೂ ಆ ಒಂದು ಗಂಟೆ ಸಾಕುಸಾಕಾಯಿತು. ಒಂಬತ್ತು ವರ್ಷದವನೊಬ್ಬ ರಸ್ತೆಯ ಬದಿಯಲ್ಲಿ ಹೀಗೆ ಎಷ್ಟು ಬಸ್ಸು ಕಾದಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟುಬಿಟ್ಟೆ.

ಶಶಿಕಲಾ ಓಡುತ್ತ ಬಂದವಳು ನನ್ನನ್ನು ಬೈಯಲೂ ಆಗದೆ ಅಪ್ಪಿಕೊಳ್ಳಲೂ ಆಗದೆ ನಿಂತಳು. ಮನೆಗೆ ಬಂದ ಮೇಲೆ, ಶೀನಣ್ಣ ಬರುವ ಶುಕ್ರವಾರ ತನ್ನ ಯಜಮಾನರ ಹಳ್ಳಿಗೆ ನಮ್ಮನ್ನು ಕರೆದುಕೊಂಡು ಹೋಗುತ್ತೇನೆಂದು ಹೇಳಿದ್ದಾನೆ, ಹೋಗುವುದಾ ಎಂದು ಕೇಳಿದಳು. ಹೋಗುವ ಎಂದೆ.

ಸಮಾಯಿಲ್ ಕಡೆಗೆ

ಮಸ್ಕತ್ತಿನಿಂದ ಒಳನಾಡಿಗೆ ಹೋಗುವ ರಸ್ತೆ ಬೆಟ್ಟಗಳ ಸಂದಿನಲ್ಲಿ ನುಗ್ಗುತ್ತದೆ. ಶೀನ ಗಾಡಿ ಓಡಿಸುತ್ತಿದ್ದ. ಹಿಂದೆ ನಾನು ಮತ್ತು ಶಶಿಕಲಾ. ದಿವಾಕರ ಮಗಳನ್ನು ನೋಡಿಕೊಳ್ಳುವ ನೆಪದಲ್ಲಿ ನಿದ್ದೆ ಮಾಡಲು ಮನೆಯಲ್ಲೇ ಉಳಿದ.

ಶೀನ ದಾರಿಯುದ್ದಕ್ಕೂ ಯಜಮಾನರ ಮನೆಯ ರೀತಿ ಹೇಳಿಕೊಟ್ಟ. ಇಲ್ಲಿ ಯಜಮಾನರಿಗೆ ಅರ್ಬಾಬ್ ಎನ್ನುತ್ತಾರೆ. ಮನೆಗೆ ಹೋದ ಕೂಡಲೇ ಅವರು ಏನು ಸುದ್ದಿ ಎಂದು ಕೇಳುತ್ತಾರೆ. ಸುದ್ದಿ ಏನಿಲ್ಲ, ಎಲ್ಲ ಒಳ್ಳೆಯದೇ ಎಂದು ಹೇಳಬೇಕು.

“ಮನೆಗೆ ಬೆಂಕಿ ಬಿದ್ದು ಬಂದಿದ್ರೂ ಮೊದಲು ಹಾಗೆಯೇ ಹೇಳುವುದು ಟೀಚರ್. ಕಾಹ್ವಾ ಕುಡಿದು ಮುಗಿದ ಮೇಲೆ ಮತ್ತೆ ಕೇಳ್ತಾರೆ. ಆಗ ನಿಜ ಹೇಳಬೇಕು.”

ಇದು ನಮ್ಮದೇ ರೀತಿ ಎಂದು ನಾನು ಅಂದುಕೊಂಡೆ. ಬೆಲ್ಲ-ನೀರಿನ ಮೊದಲು ನಾವೂ ಕಾರಣ ಕೇಳುವುದಿಲ್ಲ.

ಸಮಾಯಿಲ್ ಬಳಿಯ ಆ ಹಳ್ಳಿ ಖರ್ಜೂರದ ತೋಟಗಳ ನಡುವೆ ಇತ್ತು. ಬೋಳು ಬೆಟ್ಟದ ಬುಡದಲ್ಲಿ ಅಷ್ಟು ಹಸಿರು ಎಲ್ಲಿಂದ ಬಂತೆಂದು ನೋಡಿದರೆ, ಮನೆಗಳ ಎದುರಿನಲ್ಲೇ ಕಲ್ಲು ಕಟ್ಟಿದ ಸಣ್ಣ ಕಾಲುವೆಯಲ್ಲಿ ನೀರು ಹರಿಯುತ್ತಿತ್ತು. ಫಲಜ್ ಎನ್ನುತ್ತಾರೆ. ಬೆಟ್ಟದ ಅಡಿಯಿಂದ ನೀರನ್ನು ತಂದು, ತೋಟಗಳಿಗೆ ಹೊತ್ತು ಹಂಚಿ ಬಿಡುತ್ತಾರಂತೆ. ನಮ್ಮಲ್ಲಾದರೆ ಆ ಹಂಚಿಕೆಗೆ ಎರಡು ತಲೆಮಾರು ಕೋರ್ಟಿಗೆ ಅಲೆದಿರುತ್ತಿತ್ತು.

ಅರ್ಬಾಬ್ ಸಾಲಿಂ ಬಿಳಿ ಗಡ್ಡದ, ಕಡಿಮೆ ಮಾತಿನ ಮನುಷ್ಯ. ಹೆಂಗಸರು ನಮ್ಮನ್ನು ಒಳಗಿನ ಕೋಣೆಗೆ ಕರೆದೊಯ್ದು ಹಲ್ವ ಕೊಟ್ಟರು. ನಾನು ಮಕ್ಕಳ ಆಶ್ರಮದ ಟೀಚರೆಂದು ಶೀನ ಹೇಳಿದನೋ ಏನೋ, ಸ್ವಲ್ಪ ಹೊತ್ತಿಗೆ ಅರ್ಬಾಬ್ ನನ್ನನ್ನು ಮಾತ್ರ ಹೊರಗೆ ಕರೆಸಿದರು. ಶಶಿಕಲಾ ಒಳಗೇ ಉಳಿದಳು. ಕಾಲುವೆಯ ಪಕ್ಕ ಮರದ ನೆರಳಿನಲ್ಲಿ ಚಾಪೆ ಹಾಸಿತ್ತು. ಏನು ಸುದ್ದಿ ಎಂದು ಅವರು ಕೇಳಿದರು. ಎಲ್ಲ ಒಳ್ಳೆಯದೇ ಎಂದು ನಾನು ಹೇಳಿದೆ. ಶೀನ ಅದನ್ನು ಅರಬ್ಬಿಯಲ್ಲಿ ಹೇಳಿದ.

ಕಾಹ್ವಾ ಎಂದರೆ ಏಲಕ್ಕಿಯ ವಾಸನೆಯ ಕಹಿ ಕಾಫಿ. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಎರಡು ಗುಟುಕು. ಕುಡಿದು ಮುಗಿಸಿದರೆ ಮತ್ತೆ ಹಾಕುತ್ತಾರೆ. ಹಾಕಿದ್ದನ್ನು ಬಿಡಬಾರದು ಎಂದು ಕಲಿತವಳು ನಾನು, ಮತ್ತೆ ಕುಡಿದೆ. ಅವರು ಮತ್ತೆ ಹಾಕಿದರು. ಏಳನೆಯ ಬಟ್ಟಲಿಗೆ ನನ್ನ ಎದೆ ಡವಗುಟ್ಟತೊಡಗಿತು. ಬಟ್ಟಲನ್ನು ಸ್ವಲ್ಪ ಅಲ್ಲಾಡಿಸಿ ಕೊಟ್ಟರೆ ಸಾಕೆಂದು ಅರ್ಥ ಎಂಬುದನ್ನು ಶೀನ ಹೇಳಿಕೊಡಲು ಮರೆತಿದ್ದ. ಅರ್ಬಾಬ್ ಮೊದಲ ಬಾರಿಗೆ ನಕ್ಕರು.

ಆಮೇಲೆ ಅವರು ತಮ್ಮ ವಿಷಯ ಹೇಳಿದರು, ಶೀನ ಕನ್ನಡದಲ್ಲಿ ಹೇಳುತ್ತ ಹೋದ. ಅವರೂ ಈ ಮನೆಯಲ್ಲಿ ಹುಟ್ಟಿದವರಲ್ಲ. ಮಸ್ಕತ್ತಿನಲ್ಲಿ ತಂದೆತಾಯಿ ಕಾಯಿಲೆಯಿಂದ ತೀರಿಕೊಂಡಾಗ ಇವರಿಗೆ ಆರು ವರ್ಷ. ಖರ್ಜೂರ ಮಾರಲು ಬಂದಿದ್ದ ಒಬ್ಬ ಮನುಷ್ಯ ಇವರನ್ನು ಕತ್ತೆಯ ಮೇಲೆ ಕೂರಿಸಿಕೊಂಡು ಈ ಹಳ್ಳಿಗೆ ತಂದ. ನಮ್ಮ ಹುಡುಗರು ವೀಸಾ ಕೊಡಿಸುವವನಿಗೆ ಕಫೀಲ್ ಎನ್ನುತ್ತಾರಲ್ಲ, ತಬ್ಬಲಿಯ ಹೊಣೆ ಹೊತ್ತವನಿಗೂ ಇಲ್ಲಿ ಅದೇ ಹೆಸರಂತೆ. ಹಾಗಾಗಿ ತಾನು ಮೂವತ್ತು ಜನರಿಗೆ ಕಫೀಲನಾದರೂ ತನ್ನ ಕಫೀಲನ ಸಾಲ ತೀರಲಿಲ್ಲ ಎಂದರು. ತನ್ನ ಅಣ್ಣನೂ ಜೊತೆಗಿದ್ದನೆಂದೂ, ಆ ಮನುಷ್ಯ ಒಂದೇ ಕತ್ತೆಯಿದ್ದರೂ ಇಬ್ಬರನ್ನೂ ತಂದನೆಂದೂ ಹೇಳಿದರು.

ಹೇಳಿ ಮುಗಿಸಿ, ನೀರಿನ ಕಡೆ ನೋಡುತ್ತ, ಈಗ ಹೇಳಿ, ಏನು ಸುದ್ದಿ ಎಂದು ಮತ್ತೆ ಕೇಳಿದರು.

ಶೀನನ ಮುಖ ನೋಡಿ ನನಗೆ ಹೇಳಲಾಗುತ್ತಿರಲಿಲ್ಲ. ಆ ಮುದುಕರ ಮುಖ ನೋಡಿಕೊಂಡು ಹೇಳಬಹುದು ಅನಿಸಿತು. ಒಂದೊಂದೇ ವಾಕ್ಯ ಹೇಳಿದೆ, ಶೀನ ಒಂದೊಂದನ್ನೇ ಅರಬ್ಬಿಗೆ ತಿರುಗಿಸಿದ.

ಮೂವತ್ತೆರಡು ವರ್ಷದ ಹಿಂದೆ ಒಂದು ಮಗುವನ್ನು ಘಟ್ಟದ ಬುಡದ ಊರಿಗೆ ಕರೆದುಕೊಂಡು ಹೋದೆ ಎಂದೆ. ದೊಡ್ಡ ಮನೆ, ಅಂಗಳದ ತುಂಬ ಭತ್ತ. ಮನೆಯೊಡತಿ ತಟ್ಟೆಯಲ್ಲಿ ಬೆಲ್ಲ, ತಂಬಿಗೆಯಲ್ಲಿ ನೀರು ತಂದು ನನ್ನ ಎದುರು ಇಟ್ಟಳು. ಮಗು ಅಂಗಳದಲ್ಲೇ ನಿಂತಿತ್ತು. ಮಗುವಿಗೆ ಎಂದು ಕೇಳಿದೆ. ಅದಕ್ಕೆ ಮತ್ತೆ ಕೊಡುವ ಎಂದಳು. ಏಳಬೇಕಿತ್ತು, ಮಗುವಿನ ಕೈ ಹಿಡಿದು ಹೊರಡಬೇಕಿತ್ತು. ಆದರೆ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಮರುದಿನ ನನ್ನ ಅಕ್ಕನ ಮದುವೆ. ಮಗುವನ್ನು ವಾಪಸು ಕರೆತಂದರೆ ಆಶ್ರಮಕ್ಕೆ ಬಿಡಬೇಕು, ಬರೆಯಬೇಕು, ಕಾರಣ ಹೇಳಬೇಕು. ನಾನು ಆ ಬೆಲ್ಲ ತಿಂದು ನೀರು ಕುಡಿದೆ. ಮಗು ನೋಡುತ್ತಿತ್ತು. ನಿನ್ನ ಅಣ್ಣ ಮುಂದಿನ ಬಸ್ಸಿಗೆ ಬರುತ್ತಾನೆ ಎಂದು ಹೇಳಿ ಓಡಿಬಂದು ಬಸ್ಸು ಹತ್ತಿದೆ. ಆಮೇಲೆ ಒಮ್ಮೆಯೂ ಆ ಕಡೆಗೆ ಹೋಗಲಿಲ್ಲ.

ಶೀನ ಇಷ್ಟನ್ನೂ ಹೇಳಿದ. ಯಾರದೋ ಕಥೆಯೆಂದುಕೊಂಡಿದ್ದನೋ, ಗೊತ್ತಾಗಿಯೂ ಹೇಳುತ್ತಿದ್ದನೋ ನನಗೆ ತಿಳಿಯಲಿಲ್ಲ.

“ಆ ಮಗುವಿನ ಹೆಸರು ಗಿರಿಜಾ” ಎಂದೆ.

ಅವನು ಅದನ್ನು ಕೂಡಲೇ ಅರಬ್ಬಿಯಲ್ಲಿ ಹೇಳಲಿಲ್ಲ. ಅರ್ಬಾಬ್ ಕಾದರು. ಕೊನೆಗೆ ಅವನು ಹೇಳಿದ್ದು ಒಂದೇ ಶಬ್ದ, ಉಖ್ತಿ. ನನ್ನ ತಂಗಿ ಎಂದು ಅದರ ಅರ್ಥ, ಶಶಿಕಲಾ ಆಮೇಲೆ ಹೇಳಿದಳು. ಆದರೆ ನನಗೆ ಆಗಲೇ ಗೊತ್ತಾಗಿತ್ತು.

ಅರ್ಬಾಬ್ ಹೂಜಿ ಎತ್ತಿ ಬಟ್ಟಲಿಗೆ ಕಾಹ್ವಾ ಹಾಕಿದರು. ಅತಿಥಿಗೇ ಮೊದಲು ಕೊಡಬೇಕೆನ್ನುವುದು ಅಲ್ಲಿಯ ಕಟ್ಟುನಿಟ್ಟಿನ ರೀತಿ. ಅವರು ನನ್ನನ್ನು ದಾಟಿ ಕೈ ನೀಡಿ ಅದನ್ನು ಶೀನನಿಗೆ ಕೊಟ್ಟರು. ನನಗೆ ನಾಚಿಕೆಯಾಯಿತು. ಜೊತೆಗೆ, ಹೀಗಾಗಬೇಕಿದ್ದದ್ದೇ ಎಂದೂ ಅನಿಸಿತು.

ಹಿಂದಿರುಗುವ ದಾರಿ

ಅಲ್ಲಿಯ ಕಾರುಗಳು ಒಂದು ವೇಗ ಮೀರಿದರೆ ಟಿಂಗ್ ಟಿಂಗ್ ಎಂದು ಸದ್ದು ಮಾಡುತ್ತವೆ. ಹೋಗುವಾಗ ಶೀನ ಅದಕ್ಕೆ ಅವಕಾಶ ಕೊಟ್ಟಿರಲಿಲ್ಲ. ಬರುವಾಗ ಅದು ಬಡಿಯುತ್ತಲೇ ಇತ್ತು. ಶಶಿಕಲಾ, ಏನೋ ಆಗಿದೆ ಎಂದು ಗೊತ್ತಾಗಿ, ಏನೆಂದು ಗೊತ್ತಾಗದೆ, ನನ್ನ ಕೈ ಹಿಡಿದುಕೊಂಡು ಕೂತಿದ್ದಳು. ಅವಳ ತಾಯಿಯ ಮದುವೆಗೆ ತಪ್ಪಬಾರದೆಂದೇ ನಾನು ಆ ಬಸ್ಸು ಹಿಡಿದದ್ದು ಎಂಬುದನ್ನು ಅವಳಿಗೆ ಹೇಗೆ ಹೇಳಲಿ?

ವಾದಿ ಅದಾಯ್‌ನಲ್ಲಿ ಇಳಿಯುವಾಗ ಶೀನ ಊರಿನ ಹೆಸರು ಕೇಳಿದ. ಹೇಳಿದೆ. ಅವನು ಎರಡು ಸಲ ಬಾಯಲ್ಲಿ ಅದನ್ನು ಹೇಳಿಕೊಂಡ.

“ಮೊನ್ನೆ ನೆನಪಿಲ್ಲ ಅಂದ್ರಲ್ಲ ಟೀಚರ್, ಅದು ಸುಳ್ಳು ಅಂತ ನನಗೆ ಗೊತ್ತಿತ್ತು. ಆಗ ತಂಗಿ ಮುಂದಿನ ಬಸ್ಸಿಗೆ ಬರ್ತಾಳೆ ಅಂತ ಹೇಳುವಾಗ್ಲೂ ನಿಮ್ಮ ಮುಖ ಹಾಗೇ ಆಗ್ತಿತ್ತು.”

ಕೋಪವಿತ್ತೋ ಇಲ್ಲವೋ, ಅವನ ಧ್ವನಿಯಲ್ಲಿ ತಿಳಿಯಲಿಲ್ಲ. ಅವಳು ಈಗ ಅಲ್ಲಿ ಇದ್ದಾಳೋ ಇಲ್ಲವೋ, ಬದುಕಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ, ನೀನು ಊರಿಗೆ ಬಂದಾಗ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಆಯಿತು ಎಂದ.

ಉಳಿದ ಹತ್ತು ದಿನಗಳಲ್ಲಿ ನಾನು ಕೋಟೆಗಳನ್ನು ನೋಡಿದೆ, ಬೌಷರಿನಲ್ಲಿ ದಿವಾಕರನ ಆಫೀಸು ನೋಡಿದೆ, ಮರಳಿನ ಮೇಲೆ ಕೂತು ಫೋಟೋ ತೆಗೆಸಿಕೊಂಡೆ. ಫೋಟೋದಲ್ಲಿ ನಗುತ್ತಿದ್ದೇನೆ. ನೋಡಿದವರೆಲ್ಲ ಚೆನ್ನಾಗಿ ಬಂದಿದೆ ಎನ್ನುತ್ತಾರೆ.

ಘಟ್ಟದ ಬುಡ

ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಮನೆಯವರ ಮೊಮ್ಮಕ್ಕಳು ಈಗಲೂ ಅಲ್ಲಿದ್ದಾರೆ, ಅವರು ನನಗೇನೂ ಮಾಡಿದವರಲ್ಲ.

ಏಪ್ರಿಲ್ ತಿಂಗಳಲ್ಲಿ ಶೀನ ಬಂದ. ಇಬ್ಬರೂ ಬೆಳಗಿನ ಬಸ್ಸು ಹತ್ತಿದೆವು. ಅವನು ಕಿಟಕಿಯ ಪಕ್ಕ ಕೂತು ಇಂಜಿನಿನ ಸದ್ದು ಕೇಳುತ್ತಿದ್ದ. ಗೇರ್‌ಬಾಕ್ಸ್ ಹೋಗಲಿಕ್ಕಾಗಿದೆ ಎಂದು ಒಮ್ಮೆ ಹೇಳಿದ. ಮಡಿಲಲ್ಲಿ ಒಂದು ಚೀಲ, ಅದರಲ್ಲಿ ಒಂದು ಸೀರೆ ಮತ್ತು ಐದು ವರ್ಷದ ಹುಡುಗಿಗೆ ಆಗುವ ಒಂದು ಫ್ರಾಕು. ಅದು ಯಾಕೆಂದು ನಾನು ಕೇಳಲಿಲ್ಲ.

ನಿಲ್ದಾಣದ ಎದುರು ಒಂದು ಗೂಡಂಗಡಿ. ಅಂಗಡಿಯವನು ಗಿರಿಜಾ ಎಂಬ ಹೆಸರು ಕೇಳಿ ಯೋಚಿಸಲೂ ಇಲ್ಲ.

“ಗಿರಿಜಕ್ಕನಾ? ಆ ದೊಡ್ಡ ಮನೆಯಲ್ಲಿ ಈಗ ಇಲ್ಲ. ಅವರ ಒಕ್ಕಲಿನವರಿಗೆ ಮದುವೆ ಮಾಡಿ ಕೊಟ್ಟದ್ದಲ್ಲವಾ. ತೋಡು ದಾಟಿ ಗದ್ದೆಯ ಆಚೆ ಕಾಣ್ತದಲ್ಲ, ಹಂಚಿನ ಮನೆ, ಅದೇ.”

ಅವಳು ಬದುಕಿದ್ದಳು. ಶೀನ ಕಾಲು ಎತ್ತಿ ಇಟ್ಟವನು ನಿಂತ. ನೀನು ಹೋಗು, ನಾನು ಇಲ್ಲೇ ಇರುತ್ತೇನೆ ಎಂದೆ. ಅವನು ಒತ್ತಾಯ ಮಾಡಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು ಗದ್ದೆಯ ಅಂಚಿನಲ್ಲಿ ಹೋದ. ತೋಡಿನ ಆಚೆ ಮರೆಯಾದ.

ನಾನು ನಿಲ್ದಾಣದ ಕಲ್ಲಿನ ಮೇಲೆ ಕೂತೆ. ಮಧ್ಯಾಹ್ನವಾಯಿತು. ಅಂಗಡಿಯವನು ಬಾಗಿಲು ಹಾಕಿ ಊಟಕ್ಕೆ ಹೋಗಿ ಬಂದ. ಹಂಚಿನ ಮನೆಯ ಕಡೆಯಿಂದ ಒಮ್ಮೆ ನಾಯಿ ಬೊಗಳಿತು, ಆಮೇಲೆ ಅದೂ ಇಲ್ಲ. ಅಳುವೋ ನಗುವೋ ಏನಾದರೂ ಕೇಳಿಸುತ್ತದೆಯೇ ಎಂದು ಕಿವಿಗೊಟ್ಟೆ. ಗದ್ದೆ ದೊಡ್ಡದಿತ್ತು, ಏನೂ ಕೇಳಿಸಲಿಲ್ಲ. ಶೀನ ಅಲ್ಲೇ ಉಳಿಯುತ್ತಾನೆ, ಉಳಿಯಲಿ, ನಾನು ಹೊರಡುವುದೇ ಸರಿ ಎಂದು ನಿರ್ಧರಿಸಿದೆ. ಸಂಜೆ ಐದಕ್ಕೆ ಮಂಗಳೂರಿನ ಬಸ್ಸು ಬಂದು ನಿಂತಿತು. ಇದು ಕೊನೆಯದು, ಬೇಗ ಹತ್ತಿ ಎಂದು ಕಂಡಕ್ಟರ್ ಕೂಗಿದ. ನಾನು ಎದ್ದು ಮೆಟ್ಟಿಲಿನ ಕಂಬಿ ಹಿಡಿದೆ.

ಗದ್ದೆಯ ಅಂಚಿನಲ್ಲಿ ಒಬ್ಬ ಹೆಂಗಸು ಬರುತ್ತಿದ್ದಳು. ಓಡುತ್ತಿರಲಿಲ್ಲ, ಓಡಿದರೆ ಕೈಯಲ್ಲಿದ್ದದ್ದು ಚೆಲ್ಲುತ್ತಿತ್ತು. ಮೂವತ್ತೇಳು ವರ್ಷದವಳು, ಕೂದಲು ಆಗಲೇ ಅಲ್ಲಲ್ಲಿ ಬೆಳ್ಳಗಾಗಿತ್ತು, ಕಣ್ಣು ಅತ್ತು ಊದಿತ್ತು. ಅವಳ ಹಿಂದೆ ದೂರದಲ್ಲಿ ಶೀನ ನಿಂತಿದ್ದ. ಅವಳು ಬಂದು ನನ್ನ ಎದುರು ನಿಂತಳು. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದು ಅಂಗೈಯಲ್ಲಿ ಬೆಲ್ಲದ ತುಂಡು.

“ಮೊದಲು ಬೆಲ್ಲ ತಿಂದು ನೀರು ಕುಡೀರಿ ಟೀಚರ್” ಎಂದಳು. “ಈ ಬಸ್ಸು ಹೋಗ್ಲಿ. ಮುಂದಿನ ಬಸ್ಸಿಗೆ ಹೋಗುವಿರಂತೆ.”

ಮುಂದಿನ ಬಸ್ಸು ಮರುದಿನ ಬೆಳಿಗ್ಗೆ ಏಳಕ್ಕೆ. ನಾನು ಕಂಬಿಯನ್ನು ಬಿಟ್ಟು ಬೆಲ್ಲಕ್ಕೆ ಕೈ ನೀಡಿದೆ, ಕಂಡಕ್ಟರನಿಗೆ ಹೋಗು ಎಂದು ಸನ್ನೆ ಮಾಡಿದೆ.